ಎಣಿಸಿ ಎಣಿಸಿ ಬೀಗ ತೆರೆದ ಟ್ಯೂರಿಂಗ್

ಆ ಮನುಷ್ಯನ ಸೈಕಲ್ಲಿನ ಚೈನು ಆಗಾಗ ಕಳಚಿ ಬೀಳುತ್ತಿತ್ತು. ನಾವಾದರೆ ಏನು ಮಾಡುತ್ತೇವೆ? ಹತ್ತಿರದ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ ರಿಪೇರಿ ಮಾಡಿಸುತ್ತೇವೆ. ಅವರು ಹಾಗೆ ಮಾಡಲಿಲ್ಲ. ಪೆಡಲ್ ತುಳಿಯುತ್ತಲೇ ಸುತ್ತುಗಳನ್ನು ಎಣಿಸತೊಡಗಿದರು. ಇಂತಿಷ್ಟು ಸುತ್ತಿಗೊಮ್ಮೆ ಮಾತ್ರ ಚೈನು ಬೀಳುತ್ತದೆ ಎಂಬುದು ತಿಳಿಯಿತು. ಅಂದಿನಿಂದ ಆ ಲೆಕ್ಕ ಮುಟ್ಟುವ ಮೊದಲೇ ಸೈಕಲ್ ನಿಲ್ಲಿಸಿ ಚೈನು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ಕಾರಣವೂ ಸಿಕ್ಕಿತು. ಚಕ್ರದ ಬಗ್ಗಿದ ಒಂದು ಕಡ್ಡಿಯೂ ಚೈನಿನ ಹಾಳಾದ ಒಂದು ಕೊಂಡಿಯೂ ಒಂದೇ ಜಾಗಕ್ಕೆ ಬಂದಾಗ ಮಾತ್ರ ಈ ತೊಂದರೆ ಆಗುತ್ತಿತ್ತು.

ಸಹೋದ್ಯೋಗಿಗಳು ನಗುತ್ತ ಹೇಳಿಕೊಳ್ಳುತ್ತಿದ್ದ ಈ ಕಥೆಯ ನಾಯಕ ಅಲನ್ ಟ್ಯೂರಿಂಗ್. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಅವರ ಹೆಸರು ಮೊದಲ ಸೆಮಿಸ್ಟರಿನಿಂದಲೇ ಪರಿಚಯ. ಟ್ಯೂರಿಂಗ್ ಯಂತ್ರ, ಟ್ಯೂರಿಂಗ್ ಪರೀಕ್ಷೆ ಎಂದು ನೋಟ್ಸ್ ಬರೆದುಕೊಂಡಿರುತ್ತೇವೆ. ಆದರೆ ಇಂದು ಸೈಬರ್ ಭದ್ರತೆಯ ಕೆಲಸ ಹುಡುಕುತ್ತಿರುವವರು ತಿಳಿದುಕೊಳ್ಳಬೇಕಾದ ಟ್ಯೂರಿಂಗ್ ಬೇರೆಯೇ ಇದ್ದಾರೆ. ಅಂಕಿ–ಅಂಶ ಕೂಡಿಹಾಕಿ, ಅದರಲ್ಲಿ ಅಡಗಿದ ಮಾದರಿ ಕಂಡುಹಿಡಿದು, ಉಳಿದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಲೋಕದ ಅತಿ ಬಿಗಿಯಾದ ಬೀಗಗಳಲ್ಲಿ ಒಂದನ್ನು ತೆರೆದವರು ಅವರು.

ಬಳ್ಳಾರಿಯ ನಂಟು

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಅವರ ಮನೆತನದ ಬದುಕು ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿ. ಮದ್ರಾಸ್ ಪ್ರಾಂತ್ಯಕ್ಕೆ ನಿಯೋಜನೆಗೊಂಡು, ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕೆಲಸ ಮಾಡಿದವರು. ತಾಯಿ ಎಥೆಲ್ ಸಾರಾ ಹುಟ್ಟಿದ್ದೇ ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಮದ್ರಾಸ್ ರೈಲ್ವೆಯ ಎಂಜಿನಿಯರ್. ಮಕ್ಕಳಿಗೆ ಇಲ್ಲಿನ ಹವೆ ಒಗ್ಗುವುದಿಲ್ಲವೆಂದು ಅಲನ್ ಮತ್ತು ಅಣ್ಣ ಜಾನ್‌ನನ್ನು ಇಂಗ್ಲೆಂಡಿನಲ್ಲೇ ಪರಿಚಯದ ಕುಟುಂಬವೊಂದರ ಬಳಿ ಬಿಟ್ಟಿದ್ದರು. ಅಪ್ಪ ಅಮ್ಮನನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಕಂಡು ಬೆಳೆದ ಹುಡುಗ ಅವನು.

1926ರಲ್ಲಿ ಶೆರ್ಬೋರ್ನ್ ಶಾಲೆ ಸೇರಬೇಕಾದ ದಿನವೇ ದೇಶದಾದ್ಯಂತ ಮುಷ್ಕರ. ರೈಲು ಇರಲಿಲ್ಲ. ಹದಿಮೂರರ ಹುಡುಗ ಬಂದರಿನಿಂದ ಸೈಕಲ್ ಏರಿ ಸುಮಾರು 60 ಮೈಲಿ ದೂರ ತುಳಿದು, ದಾರಿಯಲ್ಲಿ ಒಂದು ರಾತ್ರಿ ತಂಗಿ, ಶಾಲೆ ಮುಟ್ಟಿದ. ಆದರೆ ಗ್ರೀಕ್–ಲ್ಯಾಟಿನ್‌ಗೆ ಮಣೆ ಹಾಕುತ್ತಿದ್ದ ಆ ಶಾಲೆಯಲ್ಲಿ ವಿಜ್ಞಾನದ ಹುಚ್ಚು ಹಿಡಿದ ಹುಡುಗನಿಗೆ ದೊಡ್ಡ ಮರ್ಯಾದೆಯೇನೂ ಸಿಗಲಿಲ್ಲ. ಕೈಬರಹ ಕೆಟ್ಟದ್ದು, ಅಚ್ಚುಕಟ್ಟಿಲ್ಲ ಎಂಬ ದೂರುಗಳೇ ಹೆಚ್ಚು. ಗಣಿತವನ್ನೂ ನಕ್ಷತ್ರಗಳನ್ನೂ ಹಂಚಿಕೊಳ್ಳಲು ಸಿಕ್ಕ ಒಬ್ಬನೇ ಆಪ್ತ ಗೆಳೆಯ ಕ್ರಿಸ್ಟಫರ್ ಮೊರ್ಕಮ್, 1930ರಲ್ಲಿ ಕ್ಷಯದಿಂದ ತೀರಿಹೋದ. ಅವನು ಮಾಡಬೇಕಿದ್ದ ಕೆಲಸವನ್ನೂ ತಾನೇ ಮಾಡಬೇಕು ಎಂಬ ಹಟ ಅಂದಿನಿಂದ ಅಲನ್‌ಗೆ ಅಂಟಿಕೊಂಡಿತು.

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು. ಅಲ್ಲಿ ಫೆಲೋಶಿಪ್‌ಗಾಗಿ ಅವರು ಬರೆದ ಪ್ರಬಂಧದ ವಿಷಯ ಸಂಖ್ಯಾಶಾಸ್ತ್ರದ್ದು. ಸಾಕಷ್ಟು ಸಂಖ್ಯೆಯ ಅಳತೆಗಳನ್ನು ಕೂಡಿಸಿದರೆ ಗಂಟೆಯಾಕಾರದ ಅದೇ ನಕ್ಷೆ ಯಾಕೆ ಮೂಡುತ್ತದೆ ಎಂಬ ಪ್ರಶ್ನೆ. ಬಿ.ಎಸ್ಸಿ, ಬಿ.ಕಾಂ ವಿದ್ಯಾರ್ಥಿಗಳು ಸೆಂಟ್ರಲ್ ಲಿಮಿಟ್ ಪ್ರಮೇಯ ಎಂದು ಓದುವುದು ಇದನ್ನೇ. ತಮಾಷೆಯೆಂದರೆ, 1922ರಲ್ಲೇ ಲಿಂಡೆಬರ್ಗ್ ಎಂಬ ಗಣಿತಜ್ಞ ಅದನ್ನು ಸಾಧಿಸಿ ಮುಗಿಸಿದ್ದರು. ಟ್ಯೂರಿಂಗ್‌ಗೆ ಅದು ಗೊತ್ತಿರಲಿಲ್ಲ. ಆದರೂ ಸ್ವಂತ ಬುದ್ಧಿಯಿಂದ ಆ ದಾರಿ ಹುಡುಕಿದ್ದಕ್ಕೆ ಕಾಲೇಜು 1935ರಲ್ಲಿ, 22ನೇ ವಯಸ್ಸಿಗೇ ಅವರನ್ನು ಫೆಲೋ ಮಾಡಿತು. ಮರುವರ್ಷ ಬರೆದ ಲೇಖನದಲ್ಲಿ, ಬರೆದುಕೊಟ್ಟ ಸೂಚನೆಯಂತೆ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಒಂದು ಕಲ್ಪನೆಯ ಯಂತ್ರವನ್ನು ಅವರು ಮುಂದಿಟ್ಟರು. ಇಂದಿನ ಪ್ರೋಗ್ರಾಂ ಎಂಬ ವಿಚಾರದ ಬೇರು ಅಲ್ಲಿದೆ.

ಹೀಗೆ ಒಂದು ಕೈಯಲ್ಲಿ ಸಂಖ್ಯಾಶಾಸ್ತ್ರ, ಇನ್ನೊಂದು ಕೈಯಲ್ಲಿ ಯಂತ್ರದ ತರ್ಕ. ಇವೆರಡೂ ಒಟ್ಟಿಗೆ ಬೇಕಾಗುವ ಕಾಲ ಬಂತು.

ಐದು ಲಕ್ಷ ವರ್ಷದ ಬೀಗ

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ಮರುದಿನವೇ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಹಳೆಯ ಬಂಗಲೆಗೆ ಕೆಲಸಕ್ಕೆ ಹಾಜರಾದರು. ಜರ್ಮನಿಯ ಗುಪ್ತ ಸಂದೇಶಗಳನ್ನು ಓದುವುದು ಅಲ್ಲಿನ ಕೆಲಸ. ಆ ಸಂದೇಶಗಳನ್ನು ಗೂಢಲಿಪಿಗೆ ಇಳಿಸುತ್ತಿದ್ದುದು ಎನಿಗ್ಮಾ ಎಂಬ ಯಂತ್ರ.

ನೋಡಲು ಅದು ಟೈಪ್‌ರೈಟರಿನಂತೆ. ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ತಂತಿ ಹೆಣೆದ ಮೂರು ಗಾಲಿಗಳು. ಪ್ರತಿ ಅಕ್ಷರಕ್ಕೂ ಗಾಲಿ ಮುಂದೆ ತಿರುಗುವುದರಿಂದ, ಅದೇ ಅಕ್ಷರವನ್ನು ಮತ್ತೆ ಒತ್ತಿದರೆ ಬೇರೆ ಉತ್ತರ ಬರುತ್ತದೆ. ಐದು ಗಾಲಿಗಳಲ್ಲಿ ಮೂರನ್ನು ಆರಿಸಿ ಜೋಡಿಸಲು 60 ಬಗೆ. ಅವುಗಳನ್ನು ಆರಂಭದಲ್ಲಿ ಇಡಲು 17,576 ಬಗೆ. ಮುಂಭಾಗದ ಹಲಗೆಯಲ್ಲಿ ಹತ್ತು ವೈರುಗಳಿಂದ ಅಕ್ಷರಗಳನ್ನು ಅದಲುಬದಲು ಮಾಡಲು ಸುಮಾರು 150 ಲಕ್ಷ ಕೋಟಿ ಬಗೆ. ಇವನ್ನೆಲ್ಲ ಗುಣಿಸಿದರೆ ಬರುವ ಸಂಖ್ಯೆ, 1ರ ಮುಂದೆ 20 ಸೊನ್ನೆ ಹಾಕಿದ್ದಕ್ಕಿಂತಲೂ ದೊಡ್ಡದು. ಸೆಕೆಂಡಿಗೆ ಒಂದು ಕೋಟಿ ಜೋಡಣೆ ಪರೀಕ್ಷಿಸುತ್ತ ಹೋದರೂ ಎಲ್ಲವನ್ನೂ ಮುಗಿಸಲು ಸುಮಾರು ಐದು ಲಕ್ಷ ವರ್ಷ ಬೇಕು. ಜರ್ಮನ್ನರೋ ದಿನಕ್ಕೊಮ್ಮೆ ಜೋಡಣೆ ಬದಲಿಸುತ್ತಿದ್ದರು.

ಈ ಬೀಗದ ಮೇಲೆ ಮೊದಲು ಕೈ ಇಟ್ಟವರು ಬ್ರಿಟಿಷರಲ್ಲ. ಪೋಲೆಂಡಿನ ಮೂವರು ಯುವ ಗಣಿತಜ್ಞರಾದ ಮರಿಯನ್ ರೆಯೆವ್‌ಸ್ಕಿ, ಯೆರ್ಜಿ ರುಜಿತ್ಸ್ಕಿ, ಹೆನ್ರಿಕ್ ಜಿಗಾಲ್ಸ್ಕಿ. 1932ರ ಕೊನೆಯಲ್ಲೇ ರೆಯೆವ್‌ಸ್ಕಿ ಗಾಲಿಗಳೊಳಗಿನ ತಂತಿ ಹೆಣಿಗೆಯನ್ನು ಗಣಿತದಿಂದ ಕಂಡುಹಿಡಿದಿದ್ದರು. ಯುದ್ಧಕ್ಕೆ ಕೆಲವೇ ವಾರ ಮೊದಲು, 1939ರ ಜುಲೈನಲ್ಲಿ ವಾರ್ಸಾ ಬಳಿ ನಡೆದ ಗುಪ್ತ ಭೇಟಿಯಲ್ಲಿ ಪೋಲೆಂಡ್ ತನ್ನ ವಿದ್ಯೆಯನ್ನೆಲ್ಲ ಬ್ರಿಟನ್, ಫ್ರಾನ್ಸ್‌ಗಳಿಗೆ ಧಾರೆ ಎರೆಯಿತು. ಟ್ಯೂರಿಂಗ್ ಕಟ್ಟಿದ್ದು ಆ ಅಡಿಪಾಯದ ಮೇಲೆ.

ಬಳಕೆದಾರರ ಚಾಳಿಯೇ ಬಿರುಕು

ಎನಿಗ್ಮಾಗೆ ಒಂದು ಹುಟ್ಟುದೋಷವಿತ್ತು. ಯಾವ ಅಕ್ಷರವೂ ತಾನು ತಾನಾಗಿಯೇ ಹೊರಬರುತ್ತಿರಲಿಲ್ಲ. ‘ಎ’ ಒತ್ತಿದರೆ ‘ಎ’ ಎಂದಿಗೂ ಬರದು. ಇದರ ಜೊತೆಗೆ ಬಳಸುವವರ ಚಾಳಿಗಳು. ಕೆಲವು ಆಪರೇಟರುಗಳು ತಾವೇ ಆರಿಸಬೇಕಿದ್ದ ಮೂರು ಅಕ್ಷರಗಳಿಗೆ ಕೀಲಿಮಣೆಯ ಅಕ್ಕಪಕ್ಕದ ಅಕ್ಷರಗಳನ್ನೋ, ಪ್ರೀತಿಸಿದವಳ ಹೆಸರಿನ ತುಂಡನ್ನೋ ಇಡುತ್ತಿದ್ದರು. ಪಾಸ್‌ವರ್ಡ್ ಎಂದರೆ 123456 ಎಂದು ಹಾಕುವ ನಮ್ಮವರ ಹಾಗೆಯೇ! ಹವಾಮಾನ ವರದಿಗಳು ದಿನವೂ ಒಂದೇ ಹೊತ್ತಿಗೆ, ಒಂದೇ ಧಾಟಿಯಲ್ಲಿ ಹೊರಡುತ್ತಿದ್ದವು. ಹಾಗಾಗಿ ಯಾವ ಸಂದೇಶದಲ್ಲಿ ಯಾವ ಪದ ಇರಬಹುದೆಂದು ಊಹಿಸಬಹುದಿತ್ತು.

ಊಹಿಸಿದ ಪದವನ್ನು ಗೂಢಲಿಪಿಯ ಕೆಳಗೆ ಇಟ್ಟು ಸರಿಸುತ್ತ ಹೋಗಿ. ಎಲ್ಲಿಯಾದರೂ ಮೇಲಿನ ಅಕ್ಷರವೂ ಕೆಳಗಿನ ಅಕ್ಷರವೂ ಒಂದೇ ಆದರೆ ಆ ಜಾಗ ತಪ್ಪು. ಉಳಿದ ಜಾಗಗಳನ್ನು ಯಂತ್ರಕ್ಕೆ ಕೊಡಿ. ಟ್ಯೂರಿಂಗ್ ವಿನ್ಯಾಸ ಮಾಡಿದ ‘ಬಾಂಬ್’ ಎಂಬ ಯಂತ್ರ ಮಾಡುತ್ತಿದ್ದುದು ಇಷ್ಟೇ: ಗಾಲಿಗಳ ಜೋಡಣೆಗಳನ್ನು ಒಂದೊಂದಾಗಿ ಇಟ್ಟು ನೋಡಿ, ಎಲ್ಲಿ ವಿರೋಧ ಹುಟ್ಟುತ್ತದೋ ಅದನ್ನು ತಳ್ಳಿಹಾಕುವುದು. ಲಕ್ಷಗಟ್ಟಲೆ ಜೋಡಣೆಗಳು ಹೀಗೆ ಬಿದ್ದುಹೋಗಿ ಕೈಯಲ್ಲಿ ಪರೀಕ್ಷಿಸುವಷ್ಟು ಮಾತ್ರ ಉಳಿಯುತ್ತಿದ್ದವು. ಮೊದಲ ಯಂತ್ರ 1940ರ ಮಾರ್ಚ್‌ನಲ್ಲಿ ಬಂತು. ಸಹೋದ್ಯೋಗಿ ಗಾರ್ಡನ್ ವೆಲ್ಚ್‌ಮನ್ ಮಾಡಿದ ಒಂದು ಜಾಣ ಸೇರ್ಪಡೆಯಿಂದ ಅದರ ವೇಗ ಬಹಳ ಹೆಚ್ಚಿತು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಇನ್ನೂರಕ್ಕೂ ಹೆಚ್ಚು ಯಂತ್ರಗಳು ಇದ್ದವು. ಹಗಲೂ ರಾತ್ರಿ ಅವುಗಳನ್ನು ನಡೆಸುತ್ತಿದ್ದವರು ನೌಕಾಪಡೆಯ ಮಹಿಳಾ ವಿಭಾಗದ ಯುವತಿಯರು.

ಪುರಾವೆಗೆ ಒಂದು ತಕ್ಕಡಿ

ಅತಿ ಕಠಿಣವಾಗಿದ್ದುದು ಜರ್ಮನ್ ನೌಕಾಪಡೆಯ ಎನಿಗ್ಮಾ. ಅಲ್ಲಿ ಎಂಟು ಗಾಲಿಗಳಲ್ಲಿ ಮೂರನ್ನು ಆರಿಸುತ್ತಿದ್ದರು, ಅಂದರೆ 336 ಬಗೆ. ಅದನ್ನು ಒಡೆಯಲಾಗದೆಂದು ಹೆಚ್ಚಿನವರು ಕೈಬಿಟ್ಟಿದ್ದರು. ಬೇರೆ ಯಾರೂ ಮುಟ್ಟುತ್ತಿಲ್ಲ ಎಂಬ ಕಾರಣಕ್ಕೇ ಟ್ಯೂರಿಂಗ್ ಅದನ್ನು ಕೈಗೆತ್ತಿಕೊಂಡರು. ಅವರ ತಂಡಕ್ಕೆ ‘ಹಟ್ 8’ ಎಂದು ಹೆಸರು. ಜೋನ್ ಕ್ಲಾರ್ಕ್, ಹಗ್ ಅಲೆಕ್ಸಾಂಡರ್, ಜ್ಯಾಕ್ ಗುಡ್ ಮುಂತಾದವರು ಅಲ್ಲಿದ್ದರು.

ಬಾಂಬ್ ಯಂತ್ರಗಳು ಕೆಲವೇ ಇದ್ದುದರಿಂದ 336 ಬಗೆಗಳನ್ನೂ ಅವುಗಳಿಗೆ ಕೊಡುವಂತಿರಲಿಲ್ಲ. ಮೊದಲು ಪಟ್ಟಿ ಚಿಕ್ಕದಾಗಬೇಕು. ಇದಕ್ಕೆ ಟ್ಯೂರಿಂಗ್ ಹೂಡಿದ ಉಪಾಯ ಹೀಗಿತ್ತು. ಯಾದೃಚ್ಛಿಕವಾದ ಎರಡು ಅಕ್ಷರಸಾಲುಗಳನ್ನು ಒಂದರ ಕೆಳಗೊಂದು ಇಟ್ಟರೆ, ಸರಾಸರಿ 26 ಜಾಗಗಳಲ್ಲಿ ಒಂದರಲ್ಲಿ ಒಂದೇ ಅಕ್ಷರ ಬರುತ್ತದೆ. ಆದರೆ ನಿಜವಾದ ಭಾಷೆಯಲ್ಲಿ ಕೆಲವು ಅಕ್ಷರಗಳು ಹೆಚ್ಚು ಬರುತ್ತವೆ. ಜರ್ಮನ್ ಸಂದೇಶಗಳಲ್ಲಿ ಈ ಹೊಂದಿಕೆ ಸುಮಾರು 17ಕ್ಕೆ ಒಂದು. ಎರಡು ಗೂಢ ಸಂದೇಶಗಳು ಯಂತ್ರದ ಒಂದೇ ಸ್ಥಿತಿಯಲ್ಲಿ ಹುಟ್ಟಿದ್ದರೆ, ಸರಿಯಾದ ಜಾಗಕ್ಕೆ ಸರಿಸಿದಾಗ ಈ ಹೆಚ್ಚುವರಿ ಹೊಂದಿಕೆ ಕಾಣಿಸಲೇಬೇಕು. ಸಂದೇಶಗಳನ್ನು ಉದ್ದನೆಯ ಹಾಳೆಗಳಲ್ಲಿ ತೂತು ಹೊಡೆದು ದಾಖಲಿಸಿ, ಒಂದರ ಮೇಲೊಂದು ಇಟ್ಟು ಸರಿಸುತ್ತ, ಎರಡೂ ತೂತುಗಳು ಸೇರುವ ಜಾಗಗಳನ್ನು ಎಣಿಸುತ್ತಿದ್ದರು. ಹಾಳೆಗಳು ಬ್ಯಾನ್‌ಬರಿ ಎಂಬ ಊರಿನಲ್ಲಿ ಅಚ್ಚಾಗುತ್ತಿದ್ದ ಕಾರಣ ಈ ವಿಧಾನಕ್ಕೆ ಬ್ಯಾನ್‌ಬರಿಸ್ಮಸ್ ಎಂಬ ಹೆಸರೇ ಬಿತ್ತು.

ಎಣಿಸಿದರೆ ಸಾಕೇ? ಎಷ್ಟು ಹೊಂದಿಕೆ ಬಂದರೆ ನಂಬಬೇಕು? ಇಲ್ಲಿ ಟ್ಯೂರಿಂಗ್ ಪುರಾವೆಯನ್ನು ತೂಗುವ ತಕ್ಕಡಿಯೊಂದನ್ನು ಮಾಡಿದರು. ಅದರ ತೂಕದ ಕಲ್ಲಿಗೆ ‘ಬ್ಯಾನ್’ ಎಂದು ಹೆಸರು, ಅದರ ಹತ್ತನೇ ಒಂದು ಭಾಗ ‘ಡೆಸಿಬ್ಯಾನ್’. ಒಂದು ಅಕ್ಷರ ಹೊಂದಿದರೆ ಊಹೆಯ ಪರವಾಗಿ ಸುಮಾರು 2 ಡೆಸಿಬ್ಯಾನ್ ಕೂಡಿಸಿ. ಹೊಂದದಿದ್ದರೆ ಸುಮಾರು 0.1 ಕಳೆಯಿರಿ. ಮೊತ್ತ ಹತ್ತು ಹೆಚ್ಚಿದರೆ ಊಹೆಯ ಬಲ ಹತ್ತು ಪಟ್ಟು ಹೆಚ್ಚಿದಂತೆ, ಇಪ್ಪತ್ತು ಹೆಚ್ಚಿದರೆ ನೂರು ಪಟ್ಟು. ಕಷ್ಟದ ಗುಣಾಕಾರವೆಲ್ಲ ಸುಲಭದ ಸಂಕಲನವಾಯಿತು. ಒಂದೊಂದು ಸುಳಿವೂ ದುರ್ಬಲವೇ. ನೂರಾರು ದುರ್ಬಲ ಸುಳಿವುಗಳನ್ನು ಸರಿಯಾಗಿ ಕೂಡಿಸಿದಾಗ ಬಲವಾದ ತೀರ್ಮಾನ ಸಿಗುತ್ತಿತ್ತು.

ಹಾಳೆಯ ಆಚೆ ಸಮುದ್ರ

ಇದು ಬರೀ ಬುದ್ಧಿಯ ಆಟವಾಗಿರಲಿಲ್ಲ. ಬ್ರಿಟನ್ನಿಗೆ ಬೇಕಾದ ಆಹಾರ, ತೈಲ, ಶಸ್ತ್ರಗಳು ಅಟ್ಲಾಂಟಿಕ್ ದಾಟಿ ಹಡಗುಗಳಲ್ಲಿ ಬರಬೇಕಿತ್ತು. ಜರ್ಮನಿಯ ಯು–ಬೋಟ್ ಜಲಾಂತರ್ಗಾಮಿಗಳು ಗುಂಪುಗೂಡಿ ಆ ಹಡಗುಗಳನ್ನು ಮುಳುಗಿಸುತ್ತಿದ್ದವು. 1941ರಲ್ಲಿ ಜರ್ಮನ್ ಹಡಗುಗಳಿಂದ ವಶಪಡಿಸಿಕೊಂಡ ಕೋಡ್ ಪುಸ್ತಕಗಳ ನೆರವೂ ಸೇರಿ ಹಟ್ 8 ನೌಕಾ ಸಂದೇಶಗಳನ್ನು ಓದತೊಡಗಿದಾಗ, ಯು–ಬೋಟುಗಳು ಎಲ್ಲಿ ಕಾದಿವೆ ಎಂದು ತಿಳಿದು ಹಡಗುಗಳ ದಾರಿ ಬದಲಿಸಲು ಸಾಧ್ಯವಾಯಿತು.

ಆದರೆ ಕೆಲಸಕ್ಕೆ ಜನ ಸಾಲದು. ಮೇಲಧಿಕಾರಿಗಳಿಗೆ ಹೇಳಿ ಹೇಳಿ ಸಾಕಾಗಿ, 1941ರ ಅಕ್ಟೋಬರ್ 21ರಂದು ಟ್ಯೂರಿಂಗ್ ಮತ್ತು ಮೂವರು ಸಹೋದ್ಯೋಗಿಗಳು ನೇರವಾಗಿ ಪ್ರಧಾನಿ ಚರ್ಚಿಲ್‌ಗೇ ಪತ್ರ ಬರೆದರು. ಕೇಳಿದ್ದು ಗುಮಾಸ್ತರನ್ನು, ಟೈಪಿಸ್ಟರನ್ನು, ಯಂತ್ರ ನಡೆಸುವವರನ್ನು. ಅವರಿಗೆ ಬೇಕಾದುದನ್ನೆಲ್ಲ ತಕ್ಷಣ ಒದಗಿಸುವಂತೆ ಚರ್ಚಿಲ್ ಆದೇಶಿಸಿದರು.

1942ರ ಫೆಬ್ರುವರಿ 1ರಂದು ಯು–ಬೋಟುಗಳು ನಾಲ್ಕು ಗಾಲಿಯ ಎನಿಗ್ಮಾ ಬಳಸತೊಡಗಿದವು. ಒಂದೇ ದಿನದಲ್ಲಿ ಕತ್ತಲೆ ಕವಿಯಿತು. ಸುಮಾರು ಹತ್ತು ತಿಂಗಳು ಅವುಗಳ ಸಂದೇಶ ಓದಲಾಗಲಿಲ್ಲ; ಹಡಗುಗಳು ಮುಳುಗುತ್ತಲೇ ಇದ್ದವು. ಆ ವರ್ಷದ ಅಕ್ಟೋಬರಿನಲ್ಲಿ ಮುಳುಗುತ್ತಿದ್ದ ಯು–559 ಎಂಬ ಜಲಾಂತರ್ಗಾಮಿಯೊಳಗೆ ಇಳಿದು ಕೋಡ್ ಪುಸ್ತಕಗಳನ್ನು ಮೇಲಕ್ಕೆ ದಾಟಿಸಿದ ಬ್ರಿಟಿಷ್ ನಾವಿಕರಲ್ಲಿ ಇಬ್ಬರು, ಫ್ಯಾಸನ್ ಮತ್ತು ಗ್ರೇಜಿಯರ್, ಅದರೊಂದಿಗೇ ಮುಳುಗಿಹೋದರು. ಆ ಪುಸ್ತಕಗಳಿಂದಾಗಿ ಡಿಸೆಂಬರಿನಲ್ಲಿ ಮತ್ತೆ ಬೆಳಕು ಕಂಡಿತು.

ಹೀಗೆ ಓದಿದ ಸಂದೇಶಗಳು ಬ್ರಿಟಿಷರಿಗೆ ತಮ್ಮ ಮನೆಯ ಬಿರುಕನ್ನೂ ತೋರಿಸಿದವು. ಹಡಗುಗಳ ಬಗ್ಗೆ ಜರ್ಮನ್ನರಿಗೆ ತಿಳಿದಿದ್ದ ವಿವರಗಳನ್ನು ನೋಡಿದಾಗ, ಮಿತ್ರಪಡೆಗಳ ನೌಕಾ ಗೂಢಲಿಪಿಯನ್ನೇ ಜರ್ಮನ್ನರು ಓದುತ್ತಿದ್ದಾರೆ ಎಂಬುದು ಖಚಿತವಾಯಿತು. 1943ರಲ್ಲಿ ಅದನ್ನು ಬದಲಿಸಿದರು. ಅತ್ತ ಜರ್ಮನ್ನರೂ ಅನುಮಾನಪಟ್ಟು ತನಿಖೆ ನಡೆಸಿದ್ದರು. ಆದರೆ ಜೋಡಣೆಗಳ ಆ ಭಾರಿ ಸಂಖ್ಯೆಯನ್ನು ನಂಬಿ, ಎನಿಗ್ಮಾ ಭದ್ರ ಎಂದೇ ತೀರ್ಮಾನಿಸಿದರು. ಪುರಾವೆಯನ್ನು ತೂಗಿದವರು ತಮ್ಮ ಬೀಗ ಬದಲಿಸಿದರು. ಬೀಗದ ಹೆಸರನ್ನು ನಂಬಿದವರು ಸೋತರು.

ಒಡೆದವರೇ ಕಟ್ಟಿದರು

1942ರ ನವೆಂಬರಿನಲ್ಲಿ ಟ್ಯೂರಿಂಗ್ ಅಮೆರಿಕಕ್ಕೆ ಹೋದರು. ನಾಯಕರ ದೂರವಾಣಿ ಮಾತನ್ನು ಗುಪ್ತವಾಗಿಡಲು ಬೆಲ್ ಲ್ಯಾಬ್ಸ್ ಕಟ್ಟುತ್ತಿದ್ದ ವ್ಯವಸ್ಥೆ ನಿಜಕ್ಕೂ ಭದ್ರವೇ ಎಂದು ಪರೀಕ್ಷಿಸುವುದು ಅವರ ಪಾಲಿನ ಒಂದು ಕೆಲಸ. ಇಂದು ಸೆಕ್ಯುರಿಟಿ ಆಡಿಟ್ ಎನ್ನುವುದು ಇದನ್ನೇ. 50 ಟನ್‌ಗೂ ಹೆಚ್ಚು ತೂಗುತ್ತಿದ್ದ ಆ ವ್ಯವಸ್ಥೆಯನ್ನು ನೋಡಿ ಬಂದ ಮೇಲೆ, ಎತ್ತಿಕೊಂಡು ಹೋಗಬಹುದಾದಷ್ಟು ಚಿಕ್ಕದನ್ನು ತಾವೇ ಮಾಡಲು ಹೊರಟರು. ಡೊನಾಲ್ಡ್ ಬೇಲಿ ಎಂಬ ಯುವ ಎಂಜಿನಿಯರ್ ಜೊತೆ ಸೇರಿ ಕಟ್ಟಿದ ಆ ‘ಡಿಲೈಲಾ’ ಯಂತ್ರ ಕೆಲಸವನ್ನೇನೋ ಮಾಡಿತು. ಆದರೆ ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಯಾರೂ ಅದನ್ನು ಬಳಕೆಗೆ ತೆಗೆದುಕೊಳ್ಳಲಿಲ್ಲ.

ಇಂಥ ಜಾಣನೂ ಒಂದು ಕಡೆ ಎಡವಿದ್ದುಂಟು. ಯುದ್ಧದಲ್ಲಿ ಹಣಕ್ಕೆ ಬೆಲೆ ಇಲ್ಲದಂತಾದರೆ ಎಂಬ ಭಯದಿಂದ ಬೆಳ್ಳಿಯ ಗಟ್ಟಿಗಳನ್ನು ಕೊಂಡು ಬ್ಲೆಚ್ಲಿಯ ಸುತ್ತಮುತ್ತ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಗುರುತಿಟ್ಟ ಜಾಗದ ಚಹರೆಯೇ ಬದಲಾಗಿತ್ತು. ಬ್ಯಾಕಪ್ ಇಲ್ಲದ ಭದ್ರತೆ ಮಾಲೀಕನನ್ನೂ ಹೊರಗಿಡುತ್ತದೆ!

1945ರ ನಂತರ ಅವರು ಕಂಪ್ಯೂಟರ್ ವಿನ್ಯಾಸಕ್ಕೆ ತೊಡಗಿದರು. ಬಿಡುವಿನಲ್ಲಿ ಓಟ, 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಮುಗಿಸಿದ್ದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿ, ಅಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರಿಗಾಗಿ ಕೈಪಿಡಿ ಬರೆದರು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಮಂಡಿಸಿದ ಪುಟ್ಟ ಪ್ರಬಂಧದಲ್ಲಿ, ದೊಡ್ಡ ಪ್ರೋಗ್ರಾಂ ಸರಿಯಾಗಿದೆ ಎಂದು ತೋರಿಸುವುದು ಹೇಗೆ ಎಂಬ ಪ್ರಶ್ನೆ ಎತ್ತಿಕೊಂಡರು. ಬರೆಯುವವನು ಅಲ್ಲಲ್ಲಿ ಈ ಹಂತದಲ್ಲಿ ಇಂಥದ್ದು ನಿಜವಾಗಿರಬೇಕು ಎಂದು ಬರೆದಿಟ್ಟರೆ, ಪರೀಕ್ಷಿಸುವವನು ಒಂದೊಂದನ್ನೇ ಬಿಡಿಯಾಗಿ ನೋಡಬಹುದು ಎಂದರು. ಕೋಡ್‌ನಲ್ಲಿನ ಒಂದು ತಪ್ಪೇ ಕಳ್ಳನಿಗೆ ಬಾಗಿಲಾಗುವ ಈ ಕಾಲದಲ್ಲಿ ಆ ಮಾತಿನ ಬೆಲೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ದೇಶ ಕೊಟ್ಟ ಉಡುಗೊರೆ

1952ರ ಜನವರಿಯಲ್ಲಿ ಟ್ಯೂರಿಂಗ್ ಮನೆಯಲ್ಲಿ ಕಳ್ಳತನವಾಯಿತು. ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ, ಅವರಿಗೆ ಒಬ್ಬ ಯುವಕನೊಂದಿಗೆ ಸಂಬಂಧವಿದ್ದುದು ಹೊರಬಂತು. ಅಂದಿನ ಬ್ರಿಟನ್ನಿನಲ್ಲಿ ಅದು ಅಪರಾಧ. ದೂರು ಕೊಟ್ಟವರೇ ಆರೋಪಿಯಾದರು. ಮಾರ್ಚ್ 31ರಂದು ಶಿಕ್ಷೆ. ಜೈಲು ತಪ್ಪಬೇಕಾದರೆ ಒಂದು ವರ್ಷ ಹಾರ್ಮೋನ್ ಚಿಕಿತ್ಸೆ ಪಡೆಯಬೇಕೆಂಬ ಷರತ್ತು. ಅವರು ಅದನ್ನು ಒಪ್ಪಿಕೊಂಡರು. ಸರ್ಕಾರದ ಗೂಢಲಿಪಿ ವಿಭಾಗಕ್ಕೆ ನೀಡುತ್ತಿದ್ದ ಸಲಹೆಯ ಕೆಲಸವೂ ಹೋಯಿತು. ದೇಶದ ಗುಟ್ಟುಗಳನ್ನು ಒಂದಿಷ್ಟೂ ಸೋರದಂತೆ ಕಾಪಾಡಿದವರನ್ನು, ಅವರು ಏನು ಮಾಡಿದ್ದಾರೆ ಎಂಬ ದಾಖಲೆಯನ್ನು ನೋಡದೆ, ಅವರು ಯಾರನ್ನು ಪ್ರೀತಿಸುತ್ತಾರೆ ಎಂಬುದನ್ನಷ್ಟೇ ನೋಡಿ ಅಪಾಯಕಾರಿ ಎಂದರು. ಪುರಾವೆ ತೂಗುವುದನ್ನು ಕಲಿಸಿದವರ ವಿಷಯದಲ್ಲಿ ಯಾರೂ ಪುರಾವೆ ತೂಗಲಿಲ್ಲ. ಬ್ರಿಟಿಷರು ನಮ್ಮಲ್ಲಿ ಬಿಟ್ಟುಹೋದ ಅಂಥದ್ದೇ ಕಾನೂನಿನ ಕತ್ತಿ 2018ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ತೂಗುತ್ತಿತ್ತು.

1954ರ ಜೂನ್ 7ರಂದು ಟ್ಯೂರಿಂಗ್ ಸೈನೈಡ್ ವಿಷದಿಂದ ತೀರಿಹೋದರು. ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. ಅದು ಆಕಸ್ಮಿಕವೆಂದೇ ತಾಯಿ ನಂಬಿದ್ದರು. ಅವರಿಗೆ 42 ತುಂಬಲು ಹದಿನಾರು ದಿನ ಬಾಕಿ ಇತ್ತು. ಬ್ಲೆಚ್ಲಿಯ ಕೆಲಸ ಆಗ ಗುಟ್ಟಾಗಿಯೇ ಇದ್ದುದರಿಂದ, ಹೋದವರು ಯಾರೆಂಬುದು ದೇಶಕ್ಕೆ ತಿಳಿಯಲೂ ಇಲ್ಲ. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯ ಕ್ಷಮಾದಾನ ಬಂತು. 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಬಂತು. ಗೂಢಲಿಪಿಗೆ ಸಂಭವನೀಯತೆಯನ್ನು ಬಳಸುವ ಬಗ್ಗೆ ಯುದ್ಧಕಾಲದಲ್ಲಿ ಅವರು ಬರೆದ ಬರಹಗಳು ಹೊರಬಂದದ್ದು 2012ರಲ್ಲಿ, ಸುಮಾರು 70 ವರ್ಷಗಳ ನಂತರ.

ನಮಗೆ ಉಳಿದದ್ದು

ಅವರ ತಕ್ಕಡಿ ಇಂದು ನಮ್ಮ ಸುತ್ತಲೂ ಇದೆ. ನಿಮ್ಮ ಖಾತೆಗೆ ರಾತ್ರಿ ಮೂರು ಗಂಟೆಗೆ ಯಾರೋ ಲಾಗಿನ್ ಆದರು ಎಂದುಕೊಳ್ಳಿ. ಅದೊಂದೇ ಆದರೆ ಏನೂ ಹೇಳಲಾಗದು. ನಿಮಗೇ ನಿದ್ದೆ ಬಂದಿರಲಿಕ್ಕಿಲ್ಲ. ಆದರೆ ಫೋನು ಹೊಸದು. ಊರೂ ಹೊಸದು. ಐದು ಬಾರಿ ಪಾಸ್‌ವರ್ಡ್ ತಪ್ಪಿ ಆರನೆಯದಕ್ಕೆ ಸರಿಯಾಗಿದೆ. ಬಂದ ಕೂಡಲೇ ದೊಡ್ಡ ಮೊತ್ತ ಕಳಿಸಲು ನೋಡಿದ್ದಾರೆ. ಒಂದೊಂದಕ್ಕೂ ಒಂದಿಷ್ಟು ತೂಕ ಕೊಟ್ಟು ಕೂಡಿಸಿ, ಮೊತ್ತ ಮಿತಿ ದಾಟಿದರೆ ವ್ಯವಹಾರ ತಡೆಯುವುದು ಒಂದು ಪ್ರೋಗ್ರಾಂ. ಬ್ಯಾನ್‌ಬರಿ ಹಾಳೆಗಳ ಮೇಲೆ ನಡೆದ ಯೋಚನೆಯ ಧಾಟಿಯೇ ಇದು.

ಸೈಬರ್ ಸೆಕ್ಯುರಿಟಿ ಕಲಿಯಬೇಕೆಂದು ಬರೀ ಟೂಲ್‌ಗಳ ಹೆಸರು ಬಾಯಿಪಾಠ ಮಾಡುವ ಗೆಳೆಯ ಗೆಳತಿಯರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಸ್ವಂತ ಲಿನಕ್ಸ್ ಕಂಪ್ಯೂಟರ್ ಅಥವಾ ಅನುಮತಿ ಪಡೆದ ಕಾಲೇಜು ಲ್ಯಾಬಿನ ಯಂತ್ರದ ಲಾಗಿನ್ ದಾಖಲೆ ತೆರೆಯಿರಿ. ಯಾವ ವಿಳಾಸದಿಂದ, ಯಾವ ಗಂಟೆಯಲ್ಲಿ, ಎಷ್ಟು ಬಾರಿ ಪಾಸ್‌ವರ್ಡ್ ತಪ್ಪಾಯಿತು ಎಂದು ಎಣಿಸುವ ಇಪ್ಪತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆಯಿರಿ. ಒಂದು ವಾರ ಎಣಿಸಿದರೆ ನಿಮ್ಮ ಯಂತ್ರದ ಎಂದಿನ ನಡೆ ಹೇಗೆಂದು ತಿಳಿಯುತ್ತದೆ. ಆಮೇಲೆ ಅಸಹಜವಾದದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಸಂದರ್ಶನದಲ್ಲಿ ಹೇಳಿಕೊಳ್ಳಲು ನಿಮ್ಮದೇ ಆದ ಒಂದು ಕೆಲಸವೂ ಆಯಿತು.

ಸಂಖ್ಯಾಶಾಸ್ತ್ರ ಯಾಕೆ ಓದಬೇಕು, ಅದರಿಂದ ಏನು ಕೆಲಸ ಸಿಗುತ್ತದೆ ಎಂದು ತರಗತಿಯಲ್ಲಿ ಕೇಳುವವರು ಬಹಳ ಮಂದಿ. ಅಟ್ಲಾಂಟಿಕ್‌ನಲ್ಲಿ ದಾರಿ ಬದಲಿಸಿ ಕ್ಷೇಮವಾಗಿ ಬಂದರು ಮುಟ್ಟಿದ ನಾವಿಕರಿಗೆ, ತಾವು ಬದುಕಿದ್ದು ಯಾರೋ ಹಾಳೆಯ ಮೇಲಿನ ತೂತುಗಳನ್ನು ಸರಿಯಾಗಿ ಎಣಿಸಿದ್ದರಿಂದ ಎಂಬುದು ಗೊತ್ತೇ ಇರಲಿಲ್ಲ.